ಮನೆಗಿಂತ ದೊಡ್ಡ ಕೊಟ್ಟಿಗೆ

ಅಮೆರಿಕವೆಂದೊಡನೆ ನಮ್ಮಲ್ಲಿ ಹಲವರ ಕಣ್ಣ ಮುಂದೆ ನಿಲ್ಲುವುದು ಮುಗಿಲಿಗೆ ಏಣಿ ಹಾಕಿದಂತಿರುವ ನ್ಯೂಯಾರ್ಕಿನ ಕಟ್ಟಡಗಳು. ಚಲನಚಿತ್ರಗಳಲ್ಲಿ, ಪತ್ರಿಕೆಗಳಲ್ಲಿ ನಾವು ಕಂಡ ಅಮೆರಿಕ ಬಹುಮಟ್ಟಿಗೆ ಪಟ್ಟಣದ ಅಮೆರಿಕ. ಆದರೆ ಆ ಪಟ್ಟಣಗಳನ್ನು ದಾಟಿ ಪೆನ್ಸಿಲ್ವೇನಿಯದ ಕಡೆಗೋ, ಒಹೈಯೋ, ಅಯೋವ ಸೀಮೆಗಳ ಕಡೆಗೋ ಹೊರಟರೆ ನೋಟವೇ ಬೇರೆ. ಕಣ್ಣು ಹಾಯುವಷ್ಟು ದೂರ ಗೋಧಿ, ಮುಸುಕಿನ ಜೋಳ, ಹುಲ್ಲುಗಾವಲು. ನಮ್ಮಲ್ಲಿರುವಂತೆ ಮನೆಗೆ ಮನೆ ತಾಗಿ ನಿಂತ ಊರು ಅಲ್ಲಿ ಅಪರೂಪ. ಪ್ರತಿಯೊಬ್ಬ ರೈತನೂ ತನ್ನ ಜಮೀನಿನ ನಡುವೆ ಒಂಟಿಯಾಗಿ ಮನೆ ಮಾಡಿಕೊಂಡಿರುತ್ತಾನೆ. ಆ ಮನೆಯ ಪಕ್ಕದಲ್ಲಿ ಮನೆಗಿಂತ ಎರಡು ಮೂರು ಪಾಲು ದೊಡ್ಡದಾದ, ಎತ್ತರವಾದ ಸೂರಿನ, ಹೆಚ್ಚಾಗಿ ಕೆಂಪು ಬಣ್ಣ ಬಳಿದ ಒಂದು ಮರದ ಕಟ್ಟಡ ನಿಂತಿರುತ್ತದೆ. ಹೊಸದಾಗಿ ನೋಡಿದವರು ಅದನ್ನೇ ಮನೆಯೆಂದೂ ಮನೆಯನ್ನು ಆಳುಗಳ ಬಿಡಾರವೆಂದೂ ತಿಳಿದರೆ ಆಶ್ಚರ್ಯವಿಲ್ಲ. ಆ ದೊಡ್ಡ ಕಟ್ಟಡಕ್ಕೆ ಅವರು 'ಬಾರ್ನ್' ಎನ್ನುತ್ತಾರೆ.

ಬಾರ್ನ್ ಎಂಬುದಕ್ಕೆ ನಮ್ಮ ಯಾವ ಒಂದು ಮಾತೂ ಸಮನಾಗಲಾರದು. ಕೊಟ್ಟಿಗೆ, ಕಣ, ಕಣಜ, ಹುಲ್ಲಿನ ಮೆದೆ ಈ ನಾಲ್ಕೂ ಒಂದೇ ಸೂರಿನ ಕೆಳಗೆ ಸೇರಿಕೊಂಡರೆ ಅದು ಬಾರ್ನ್. ಹಳೆಯ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಬಾರ್ಲಿಯ ಮನೆ ಎಂದರ್ಥ. ಕಾಳು ಕೂಡಿಡುವುದಕ್ಕೆಂದು ಹುಟ್ಟಿದ ಕಟ್ಟಡ ಅಮೆರಿಕಕ್ಕೆ ಬಂದ ಮೇಲೆ ದನಗಳಿಗೂ ಕುದುರೆಗಳಿಗೂ ಆಶ್ರಯವಾಯಿತು. ಇದಕ್ಕೆ ಕಾರಣ ಅಲ್ಲಿಯ ಚಳಿ. ಉತ್ತರದ ರಾಜ್ಯಗಳಲ್ಲಿ ವರ್ಷದಲ್ಲಿ ಹಲವು ತಿಂಗಳು ನೆಲ ಹಿಮದಿಂದ ಮುಚ್ಚಿಹೋಗುತ್ತದೆ. ಆಗ ಮೇಯಿಸಲು ಹುಲ್ಲಿಲ್ಲ. ದನವನ್ನು ಬಯಲಿನಲ್ಲಿ ಬಿಡುವಂತಿಲ್ಲ. ಬೇಸಗೆಯಲ್ಲಿ ಕುಯ್ದು ಒಣಗಿಸಿದ ಹುಲ್ಲನ್ನು ಚಳಿಗಾಲ ಮುಗಿಯುವವರೆಗೂ ನೆನೆಯದಂತೆ ಕಾಪಾಡಿಕೊಳ್ಳಬೇಕು. ಹುಲ್ಲು ಕೊಳೆತರೆ ದನ ಸಾಯುತ್ತದೆ. ದನ ಸತ್ತರೆ ಸಂಸಾರಕ್ಕೆ ಹಾಲೂ ಇಲ್ಲ, ಹೊಲಕ್ಕೆ ಗೊಬ್ಬರವೂ ಇಲ್ಲ. ಆದ್ದರಿಂದಲೇ ಹೊಸ ನೆಲಕ್ಕೆ ಬಂದ ಎಷ್ಟೋ ರೈತರು ಮೊದಮೊದಲು ಒಂದು ಕೋಣೆಯ ಗುಡಿಸಲಿನಲ್ಲಿ ಕಾಲ ಹಾಕಿ, ಕೈಯಲ್ಲಿ ನಾಲ್ಕು ಕಾಸು ಕೂಡಿದ ಕೂಡಲೆ ಒಳ್ಳೆಯ ಬಾರ್ನ್ ಕಟ್ಟುತ್ತಿದ್ದರು. ಒಳ್ಳೆಯ ಮನೆಯ ಯೋಚನೆ ಆಮೇಲೆ.

ಈ ಕಟ್ಟಡಗಳನ್ನು ಕಟ್ಟಿದವರು ಹೆಚ್ಚಾಗಿ ನಕ್ಷೆ ಬರೆದವರಲ್ಲ, ಪುಸ್ತಕ ನೋಡಿದವರಲ್ಲ. ತಂದೆ ಕಟ್ಟಿದಂತೆ ಮಗ, ಮೇಸ್ತ್ರಿ ಕಲಿಸಿದಂತೆ ಬಡಗಿ ಕಟ್ಟಿದರು. ಹಡಗು ಹತ್ತಿ ಬಂದ ವಲಸೆಗಾರರು ಪೆಟ್ಟಿಗೆಯಲ್ಲಿ ತಂದ ಸಾಮಾನು ಸ್ವಲ್ಪ. ಮನಸ್ಸಿನಲ್ಲಿ ಹೊತ್ತು ತಂದ ಮನೆಯ ಮಾದರಿ ಮಾತ್ರ ಇಡಿಯಾಗಿ ಬಂದಿತ್ತು. ಹೀಗಾಗಿ ಯಾವ ಸೀಮೆಯಲ್ಲಿ ಯಾವ ನಾಡಿನವರು ನೆಲಸಿದರೆಂಬುದನ್ನು ಇಂದಿಗೂ ಬಾರ್ನಿನ ಬಾಗಿಲು ನೋಡಿ ಹೇಳಬಹುದು. ಮುಖ್ಯವಾದ ಮೂರು ಬಗೆಗಳನ್ನು ಹೇಳುತ್ತೇನೆ.

ಮೊದಲನೆಯದು ಇಂಗ್ಲಿಷರ ಬಾರ್ನ್. ನ್ಯೂ ಇಂಗ್ಲೆಂಡ್ ಎನಿಸಿಕೊಂಡ ಈಶಾನ್ಯದ ರಾಜ್ಯಗಳಲ್ಲಿ ಇದು ಹೆಚ್ಚು. ಸುಮಾರು 30 ಅಡಿ ಅಗಲ, 40 ಅಡಿ ಉದ್ದದ ಕಟ್ಟಡ. ಒಳಗೆ ಮೂರು ಅಂಕಣ. ನಡುವಿನ ಅಂಕಣ ಹಲಗೆ ಹಾಸಿದ ಕಣ. ಒಂದು ಮಗ್ಗುಲಲ್ಲಿ ದನ, ಇನ್ನೊಂದು ಮಗ್ಗುಲಲ್ಲಿ ಹುಲ್ಲು. ಗಾಡಿ ಒಳಗೆ ಬರುವ ದೊಡ್ಡ ಬಾಗಿಲು ಕಟ್ಟಡದ ಉದ್ದನೆಯ ಬದಿಯಲ್ಲಿರುತ್ತದೆ. ಅದಕ್ಕೆ ನೇರವಾಗಿ ಎದುರು ಗೋಡೆಯಲ್ಲಿ ಇನ್ನೊಂದು ಬಾಗಿಲು. ಎರಡನ್ನೂ ತೆರೆದರೆ ಗಾಳಿ ಕಣದ ಮೇಲೆ ಹಾದುಹೋಗುತ್ತದೆ. ಬಡಿದ ಗೋಧಿಯನ್ನು ಆ ಗಾಳಿಗೆ ತೂರಿದರೆ ಹೊಟ್ಟು ಹೊರಕ್ಕೆ, ಕಾಳು ಒಳಕ್ಕೆ. ಮಳೆ ಬಂದರೂ ಒಕ್ಕಣೆ ನಿಲ್ಲಬೇಕಾಗಿಲ್ಲ.

ಎರಡನೆಯದು ಡಚ್ಚರದು. ನ್ಯೂಯಾರ್ಕ್ ರಾಜ್ಯದ ಹಡ್ಸನ್, ಮೊಹಾಕ್ ನದಿಗಳ ಕಣಿವೆಗಳಲ್ಲಿ ಇದನ್ನು ಕಾಣಬಹುದು. ಇದರ ಬಾಗಿಲು ಕಿರಿಯ ಬದಿಯಲ್ಲಿ, ಸೂರಿನ ತ್ರಿಕೋನದ ಕೆಳಗೆ. ಸೂರು ಎರಡೂ ಕಡೆ ಬಹಳ ಕೆಳಕ್ಕೆ ಇಳಿದಿರುತ್ತದೆ. ಒಳಗೆ ಹೋದರೆ ದೇವಾಲಯದ ನವರಂಗದಲ್ಲಿ ನಿಂತಂತೆ ಭಾಸವಾಗುತ್ತದೆ: ನಡುವೆ ಎತ್ತರವಾದ ಅಂಗಳ, ಇಬ್ಬದಿಗೂ ಕಂಬಗಳ ಸಾಲು, ಕಂಬಗಳಾಚೆ ದನಗಳ ಸಾಲು. ಎದುರೆದುರು ಕಂಬಗಳನ್ನು ಕೂಡಿಸುವ ಅಡ್ಡ ತೊಲೆಯ ತುದಿ ಕಂಬವನ್ನು ತೂರಿಕೊಂಡು ಆಚೆಗೆ ನಾಲಗೆಯಂತೆ ಚಾಚಿರುತ್ತದೆ. ಆ ನಾಲಗೆಯನ್ನು ಬಡಗಿಗಳು ಅನೇಕ ಕಡೆ ಅಂದವಾಗಿ ದುಂಡಗೆ ಕೆತ್ತಿದ್ದಾರೆ.

ಮೂರನೆಯದು ಪೆನ್ಸಿಲ್ವೇನಿಯದ ಜರ್ಮನ್ ಮಾತಿನ ವಲಸೆಗಾರರದು. ಇವರು ಬಾರ್ನನ್ನು ದಿಣ್ಣೆಯ ಇಳಿಜಾರಿಗೆ ಒತ್ತಿ ಕಟ್ಟಿದರು. ದಿಣ್ಣೆಯ ಮೇಲಣಿಂದ ಬಂದ ಹುಲ್ಲಿನ ಗಾಡಿ ಏರಿಲ್ಲದೆ ನೇರವಾಗಿ ಮಹಡಿಗೇ ನುಗ್ಗುತ್ತದೆ. ಕೆಳಗಿನ ಅಂತಸ್ತು ಕಲ್ಲಿನದು. ಅದು ದನದ ಕೊಟ್ಟಿಗೆ. ಅದರ ಬಾಗಿಲುಗಳು ಇಳಿಜಾರಿನ ಕಡೆಗೆ, ಸಾಧ್ಯವಾದಲ್ಲೆಲ್ಲ ದಕ್ಷಿಣದ ಇಲ್ಲವೆ ಪೂರ್ವದ ಬಿಸಿಲಿಗೆ ತೆರೆಯುತ್ತವೆ. ಮೇಲಿನ ಮಹಡಿ ಆ ಬಾಗಿಲುಗಳ ಮೇಲೆ ಕೆಲವು ಅಡಿ ಮುಂದಕ್ಕೆ ಚಾಚಿ ಮಳೆಗೂ ಹಿಮಕ್ಕೂ ಕೊಡೆ ಹಿಡಿಯುತ್ತದೆ. ಮಹಡಿಯಿಂದ ಹುಲ್ಲನ್ನು ತಳ್ಳಿದರೆ ಅದು ದನದ ಬಾಯ ಬಳಿಗೇ ಬೀಳುತ್ತದೆ. ಭಾರವನ್ನು ಮೇಲೆತ್ತುವ ಶ್ರಮವನ್ನು ಗುಡ್ಡಕ್ಕೇ ವಹಿಸಿಕೊಟ್ಟ ಜಾಣತನ ಇದು. ಈ ಮುಂಚಾಚಿನ ಮೂಲ ಎಲ್ಲಿಯದೆಂದು ವಿದ್ವಾಂಸರಲ್ಲಿ ಬಹುಕಾಲ ಚರ್ಚೆ ನಡೆಯಿತು. ರಾಬರ್ಟ್ ಎನ್ಸ್‌ಮಿಂಗರ್ ಅವರು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದರ ತವರು ಸ್ವಿಟ್ಜರ್ಲೆಂಡಿನ ಪೂರ್ವಭಾಗದ ಪ್ರೆಟಿಗೌ ಕಣಿವೆಯೆಂದು ತೋರಿಸಿಕೊಟ್ಟರು.

ಇನ್ನು ಕಟ್ಟುವ ಬಗೆಯನ್ನು ನೋಡೋಣ. ಹದಿನೆಂಟನೆಯ, ಹತ್ತೊಂಬತ್ತನೆಯ ಶತಮಾನಗಳ ಹಳೆಯ ಬಾರ್ನುಗಳ ಚೌಕಟ್ಟಿನಲ್ಲಿ ಕಬ್ಬಿಣದ ಮೊಳೆಗೆ ಕೆಲಸವಿಲ್ಲ. ಕೊಡಲಿಯಿಂದ ಮರವನ್ನು ಚಚ್ಚೌಕವಾಗಿ ಸವರಿ, ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಗುಳಿ ತೋಡಿ, ಎರಡನ್ನೂ ಕೂಡಿಸಿ ಓಕ್ ಮರದ ಗೂಟ ಬಡಿಯುತ್ತಿದ್ದರು. ಕೈಯಲ್ಲಿ ಕೆತ್ತಿದ ಕೆಲಸವಾದ್ದರಿಂದ ಒಂದು ಗುಳಿಗೆ ಹೊಂದುವ ನಾಲಗೆ ಇನ್ನೊಂದು ಗುಳಿಗೆ ಹೊಂದುತ್ತಿರಲಿಲ್ಲ. ಅದಕ್ಕಾಗಿ ಬಡಗಿಯು ನೆಲದ ಮೇಲೆ ಎಲ್ಲವನ್ನೂ ಒಮ್ಮೆ ಕೂಡಿಸಿ ನೋಡಿ, ಪ್ರತಿ ಜೋಡಣೆಯ ಎರಡು ಬದಿಗೂ ಉಳಿಯಿಂದ ಒಂದೇ ರೋಮನ್ ಅಂಕಿಯನ್ನು ಕೆತ್ತುತ್ತಿದ್ದ. ನಾಲ್ಕನೆಯ ಕಂಬ ನಾಲ್ಕನೆಯ ತೊಲೆಗೆ, ಐದನೆಯದು ಐದನೆಯದಕ್ಕೆ. ಇವಕ್ಕೆ ಅಲ್ಲಿಯ ಬಡಗಿಗಳ ಮಾತಿನಲ್ಲಿ ಮದುವೆಯ ಗುರುತುಗಳೆಂದು ಹೆಸರು. ಇನ್ನೂರು ವರ್ಷ ಹಳೆಯ ಕಂಬಗಳಲ್ಲಿ ಈ ಗೀರುಗಳನ್ನು ಈಗಲೂ ಬೆರಳಿನಿಂದ ಸವರಿ ಓದಬಹುದು.

ಹೀಗೆ ನೆಲದ ಮೇಲೆ ಸಿದ್ಧವಾದ ಚೌಕಟ್ಟುಗಳನ್ನು ಎತ್ತಿ ನಿಲ್ಲಿಸುವುದು ಒಂದು ಸಂಸಾರದಿಂದ ಆಗುವ ಕೆಲಸವಲ್ಲ. ಅದಕ್ಕೆ ಸುತ್ತಲಿನ ಹತ್ತಾರು ಮನೆಗಳವರು ಒಂದು ದಿನ ಸೇರುತ್ತಿದ್ದರು. ಮೇಸ್ತ್ರಿ ಕೂಗಿ ಹೇಳಿದಂತೆ ಎಲ್ಲರೂ ಒಮ್ಮೆಗೇ ಕೈಕೊಟ್ಟು, ಆಮೇಲೆ ಮೊನೆಯುಳ್ಳ ಉದ್ದನೆಯ ಕೋಲುಗಳಿಂದ ಚೌಕಟ್ಟನ್ನು ಮೇಲಕ್ಕೆ ತಳ್ಳುತ್ತಿದ್ದರು. ಹೆಂಗಸರು ಅಷ್ಟು ಜನಕ್ಕೂ ಅಡಿಗೆ ಮಾಡುತ್ತಿದ್ದರು. ಕೂಲಿಯ ಮಾತಿಲ್ಲ, ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು ಎಂಬ ಮುಯ್ಯಾಳಿನ ಲೆಕ್ಕ. ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್, ಒಹೈಯೋದ ಹೋಮ್ಸ್ ಮೊದಲಾದ ಜಿಲ್ಲೆಗಳಲ್ಲಿರುವ ಆಮಿಷ್ ಪಂಥದವರು ಈ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ. ಅವರಲ್ಲಿ ಒಬ್ಬನ ಬಾರ್ನಿಗೆ ಬೆಂಕಿ ಬಿದ್ದರೆ ಕೆಲವೇ ದಿನಗಳಲ್ಲಿ ನೂರಾರು ಜನ ಕೂಡಿ ಹೊಸದನ್ನು ನಿಲ್ಲಿಸುತ್ತಾರೆ.

ಆದರೆ ಎಲ್ಲ ಬಾರ್ನುಗಳ ಕತೆಯೂ ಇಷ್ಟು ಸವಿಯಾದುದಲ್ಲ. ದಕ್ಷಿಣದಲ್ಲಿ ದೊಡ್ಡ ಜಮೀನುಗಳ ಕಟ್ಟಡಗಳನ್ನು ಎತ್ತಿದ ಕೈಗಳು ಬಹಳ ಕಡೆ ಗುಲಾಮರವು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರು ವರ್ಜೀನಿಯದ ತಮ್ಮ ಮೌಂಟ್ ವರ್ನನ್ ಜಮೀನಿನಲ್ಲಿ 1792ರಿಂದ 1795ರವರೆಗೆ ಹದಿನಾರು ಮುಖಗಳ ಒಂದು ಬಾರ್ನ್ ಕಟ್ಟಿಸಿದರು. ದೂರದಿಂದ ಅದು ದುಂಡಗೆ ಕಾಣುತ್ತದೆ. ಗಾಡಿಯಲ್ಲಿ ಬಂದ ಗೋಧಿಯನ್ನು ಮಹಡಿಯಲ್ಲಿ ಹರವಿ ಅದರ ಮೇಲೆ ಕುದುರೆಗಳಿಂದ ಹಂತಿ ಹೊಡೆಸುವುದು. ಮಹಡಿಯ ಹಲಗೆಗಳ ನಡುವೆ ಬೇಕೆಂದೇ ಸಂದು ಬಿಟ್ಟಿದ್ದರು. ತುಳಿದ ತೆನೆಯಿಂದ ಉದುರಿದ ಕಾಳು ಆ ಸಂದುಗಳಲ್ಲಿ ಕೆಳಗಿನ ಅಂತಸ್ತಿಗೆ ಬೀಳುತ್ತದೆ. ಹುಲ್ಲು ಮೇಲೆಯೇ ಉಳಿಯುತ್ತದೆ. ಬಯಲಿನ ಮಣ್ಣು ಕಾಳಿಗೆ ಸೇರುವುದಿಲ್ಲ, ಮಳೆಗೆ ನೆನೆಯುವುದಿಲ್ಲ. ಯೋಜನೆ ವಾಷಿಂಗ್ಟನ್ನರದು, ಮರ ಕೆತ್ತಿದವರೂ ಕುದುರೆಗಳ ಹಿಂದೆ ಸುತ್ತಿದವರೂ ಅವರ ಗುಲಾಮರು. ಮೂಲ ಕಟ್ಟಡ ಹತ್ತೊಂಬತ್ತನೆಯ ಶತಮಾನದಲ್ಲೇ ಹಾಳಾಯಿತು. 1990ರ ದಶಕದಲ್ಲಿ ಅದೇ ಮಾದರಿಯಲ್ಲಿ ಇನ್ನೊಂದನ್ನು ಕಟ್ಟಿ ನೋಡುವವರಿಗೆ ತೆರೆದಿದ್ದಾರೆ.

ಬಾರ್ನಿನ ಮಾತಿನಲ್ಲಿ ಮನೆಯನ್ನು ಮರೆಯಬಾರದು. ರೈತರ ಹಳೆಯ ಮನೆಗಳೂ ಹೀಗೆಯೇ ನೆಲಕ್ಕೂ ಹವೆಗೂ ಬಾಗಿ ನಡೆದವು. ದಿಮ್ಮಿಯ ಮೇಲೆ ದಿಮ್ಮಿ ಅಡ್ಡಡ್ಡಲಾಗಿ ಪೇರಿಸಿ ಕಟ್ಟುವ ಮನೆಯನ್ನು ಅಮೆರಿಕದ ಹುಟ್ಟುಮನೆಯೆಂದೇ ಜನ ಭಾವಿಸುತ್ತಾರೆ. ವಾಸ್ತವವಾಗಿ ಆ ವಿದ್ಯೆ ಯೂರೋಪಿನಿಂದ ಬಂದದ್ದು. 1638ರಲ್ಲಿ ಡೆಲವೇರ್ ನದಿಯ ದಡದಲ್ಲಿ ನೆಲೆಯೂರಿದ ಸ್ವೀಡನ್ನಿನ ವಸಾಹತಿನವರೂ ಅವರ ಜೊತೆಯ ಫಿನ್ನರೂ, ಆಮೇಲೆ ಜರ್ಮನರೂ ಅದನ್ನು ತಂದರು. ಇಂಥ ಮನೆಯಲ್ಲಿ ಒಂದು ತೊಡಕುಂಟು. ಕೋಣೆಯ ಉದ್ದ ದಿಮ್ಮಿಯ ಉದ್ದವನ್ನು ಮೀರುವಂತಿಲ್ಲ. ದಿಮ್ಮಿಗೆ ದಿಮ್ಮಿ ಸೇರಿಸಿ ಗೋಡೆ ಬೆಳೆಸುವುದು ಕಷ್ಟ. ಸಂಸಾರ ದೊಡ್ಡದಾದರೆ ಏನು ಮಾಡಬೇಕು? ಟೆನೆಸಿ, ಅಲಬಾಮ ಮೊದಲಾದ ದಕ್ಷಿಣದ ಸೀಮೆಯವರು ಹತ್ತು ಹನ್ನೆರಡು ಅಡಿ ಜಾಗ ಬಿಟ್ಟು ಇನ್ನೊಂದು ಕೋಣೆ ಕಟ್ಟಿ, ಎರಡಕ್ಕೂ ಸೇರಿ ಒಂದೇ ಸೂರು ಹೊದಿಸಿದರು. ನಡುವೆ ಉಳಿದ ತೆರೆದ ಓಣಿ ಸೆಖೆಗಾಲದಲ್ಲಿ ಗಾಳಿಯ ದಾರಿಯಾಯಿತು. ಊಟ, ಮಾತುಕತೆ, ನೂಲುವ ಕೆಲಸ ಎಲ್ಲವೂ ಅಲ್ಲಿಯೇ. ನಾಯಿಗಳೂ ಅಲ್ಲಿಯೇ ಓಡಾಡುತ್ತಿದ್ದವು. ಅದರಿಂದಲೇ ಆ ಮನೆಗೆ ನಾಯಿಯೋಟದ ಮನೆ ಎಂಬ ಹೆಸರು ಬಂತು.

ಉತ್ತರದ ಮೇನ್, ನ್ಯೂ ಹ್ಯಾಂಪ್‌ಷೈರ್ ರಾಜ್ಯಗಳಲ್ಲಿ ಇನ್ನೊಂದು ವಿಶೇಷ. ಅಲ್ಲಿ ದೊಡ್ಡ ಮನೆಗೆ ಅಡಿಗೆಯ ಮನೆ, ಅದರ ಹಿಂದೆ ಗಾಡಿ ಮತ್ತು ಸೌದೆಯ ಮನೆ, ಅದರ ಹಿಂದೆ ಬಾರ್ನ್, ಹೀಗೆ ಒಂದಕ್ಕೊಂದು ಅಂಟಿಕೊಂಡು ರೈಲುಗಾಡಿಯಂತೆ ಸಾಲಾಗಿ ನಿಂತಿರುತ್ತವೆ. ಹಿಮ ಬೀಳುವಾಗ ಹೊರಗೆ ಕಾಲಿಡದೆ ದನಗಳ ಬಳಿಗೆ ಹೋಗಲೆಂದು ಹೀಗೆ ಕಟ್ಟಿದರೆಂಬುದು ವಾಡಿಕೆಯ ಮಾತು. ಥಾಮಸ್ ಹಬ್ಕ ಎಂಬ ವಿದ್ವಾಂಸರು 1984ರ ತಮ್ಮ ಗ್ರಂಥದಲ್ಲಿ ಇದನ್ನು ವಿಚಾರಣೆಗೆ ಹಚ್ಚಿದರು. ಹಿಮವೇ ಕಾರಣವಾಗಿದ್ದರೆ ಅಷ್ಟೇ ಚಳಿಯ ಬೇರೆ ಸೀಮೆಗಳಲ್ಲಿಯೂ ಇಂಥ ಮನೆಗಳಿರಬೇಕಾಗಿತ್ತು. ಮೊದಲ ಇನ್ನೂರು ವರ್ಷಗಳಲ್ಲಿಯೂ ಇರಬೇಕಾಗಿತ್ತು. ಆದರೆ ಇವು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಗ ಪಶ್ಚಿಮದ ಫಲವತ್ತಾದ ನೆಲದಿಂದ ಬರುವ ಅಗ್ಗದ ಧಾನ್ಯದ ಮುಂದೆ ಈ ಕಲ್ಲು ನೆಲದ ರೈತರು ಸೋಲುತ್ತಿದ್ದರು. ಬೇಸಾಯದ ಜೊತೆಗೆ ಬೆಣ್ಣೆ ಕಡೆಯುವುದು, ಹಣ್ಣು ಒಣಗಿಸಿ ಡಬ್ಬಿಗೆ ತುಂಬುವುದು, ಚಪ್ಪಲಿ ಹೊಲಿಯುವುದು ಇಂಥ ಹತ್ತು ಕಸುಬುಗಳನ್ನು ಮನೆಯಲ್ಲೇ ಹೂಡಿ ಬದುಕಲು ಹೆಣಗಿದರು. ಒಂದು ಮೂಲೆಗೆ ಹೊತ್ತಿದ ಬೆಂಕಿ ಇಡೀ ಸಾಲನ್ನು ಸುಡುವ ಭಯವಿದ್ದರೂ ಕಟ್ಟಡಗಳನ್ನು ಒಂದುಗೂಡಿಸಿದ್ದು ಆ ಹೆಣಗಾಟ. ಮನೆಯ ಆಕಾರದಲ್ಲಿ ಒಂದು ಸೀಮೆಯ ಬಡತನವೂ ಛಲವೂ ಹೇಗೆ ಅಡಗಿರುತ್ತವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮರವೇ ಇಲ್ಲದ ಕಡೆ? 1862ರ ಹೋಮ್‌ಸ್ಟೆಡ್ ಕಾನೂನಿನಂತೆ ಐದು ವರ್ಷ ನೆಲಸಿ ಸಾಗು ಮಾಡಿದವರಿಗೆ 160 ಎಕರೆ ನೆಲ ಹೆಚ್ಚುಕಡಿಮೆ ಪುಕ್ಕಟೆಯಾಗಿ ದೊರೆಯುತ್ತಿತ್ತು. ಅದು ಅದಕ್ಕೆ ಮೊದಲು ಅಲ್ಲಿಯ ಮೂಲನಿವಾಸಿಗಳದಾಗಿದ್ದ ನೆಲವೆಂಬುದನ್ನೂ ಹೇಳಬೇಕು. ನೆಬ್ರಾಸ್ಕ, ಕ್ಯಾನ್ಸಸ್ ಬಯಲುಗಳಿಗೆ ಬಂದವರಿಗೆ ಕಣ್ಣಿಗೆ ಕಂಡದ್ದು ಹುಲ್ಲು ಮಾತ್ರ. ಅವರು ಬೇರು ಹೆಣೆದ ಹುಲ್ಲುನೆಲವನ್ನೇ ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಎಬ್ಬಿಸಿ, ತುಂಡರಿಸಿ, ಇಟ್ಟಿಗೆಯಂತೆ ಪೇರಿಸಿ ಎರಡು ಮೂರು ಅಡಿ ದಪ್ಪದ ಗೋಡೆಗಳನ್ನೆಬ್ಬಿಸಿದರು. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆಗಾಲದಲ್ಲಿ ಮಾತ್ರ ಸೂರಿನಿಂದ ಕೆಸರು ಸುರಿಯುತ್ತಿತ್ತು. ಉದುರುವ ಮಣ್ಣನ್ನೂ ಹುಳಹುಪ್ಪಟೆಗಳನ್ನೂ ತಡೆಯಲು ಒಳಗೆ ಬಟ್ಟೆಯ ಮೇಲ್ಕಟ್ಟು ಕಟ್ಟುತ್ತಿದ್ದರು. ಸಾಲಮನ್ ಬುಚರ್ ಎಂಬ ಛಾಯಾಗ್ರಾಹಕರು 1886ರಿಂದ ನೆಬ್ರಾಸ್ಕದ ಕಸ್ಟರ್ ಜಿಲ್ಲೆಯಲ್ಲಿ ಸುತ್ತಿ ಇಂಥ ಮನೆಗಳ ಮುಂದೆ ಸಂಸಾರಗಳನ್ನು ಕೂರಿಸಿ ಚಿತ್ರ ತೆಗೆದರು. ಆ ಮನೆಗಳು ಕರಗಿ ಮಣ್ಣಾದವು, ಚಿತ್ರಗಳು ಉಳಿದಿವೆ.

ಹತ್ತೊಂಬತ್ತನೆಯ ಶತಮಾನ ಕಳೆದಂತೆ ಈ ಹಳೆಯ ವಿದ್ಯೆಯ ಪಕ್ಕಕ್ಕೆ ಹೊಸದು ಬಂದು ನಿಂತಿತು. ಯಂತ್ರದಲ್ಲಿ ತಯಾರಾದ ಅಗ್ಗದ ಮೊಳೆ, ಯಂತ್ರದ ಗರಗಸದಲ್ಲಿ ಕೊಯ್ದ ತೆಳುವಾದ ಪಟ್ಟಿ ಇವೆರಡೂ ಕೈಗೆ ಬಂದ ಮೇಲೆ ದಪ್ಪ ತೊಲೆಯೂ ಗುಳಿ ತೋಡುವ ಬಡಗಿಯೂ ಬೇಕೇಬೇಕೆಂಬುದು ತಪ್ಪಿತು. 1867ರಲ್ಲಿ ಅಯೋವದ ವಿಲಿಯಂ ಲೌಡನ್ ಅವರು ಹುಲ್ಲೆತ್ತುವ ಒಂದು ಸಾಧನಕ್ಕೆ ಪೇಟೆಂಟ್ ಪಡೆದರು. ಸೂರಿನ ನೆತ್ತಿಯ ಉದ್ದಕ್ಕೂ ಹಳಿ. ಅದರ ಮೇಲೆ ಓಡುವ ರಾಟೆ. ಹಗ್ಗವನ್ನು ಹೊರಗೆ ಕುದುರೆ ಎಳೆದರೆ ಗಾಡಿಯಲ್ಲಿದ್ದ ಹುಲ್ಲಿನ ಹೊರೆ ಮೇಲೇರಿ ಒಳಗೆ ಹೋಗಿ ಬೀಳುತ್ತದೆ. ಹುಲ್ಲನ್ನು ಅಷ್ಟು ಎತ್ತರಕ್ಕೆ ಒಯ್ಯುವುದು ಸುಲಭವಾದಾಗ ಸೂರೂ ಎತ್ತರವಾಯಿತು. ನಡುವೆ ಮುರಿದು ಎರಡು ಇಳಿಜಾರಾಗಿ ಬಾಗಿದ ಸೂರು ಅಟ್ಟಕ್ಕೆ ಹೆಚ್ಚು ಜಾಗ ಕೊಟ್ಟಿತು. ಚಿತ್ರಗಳಲ್ಲಿ ನಾವು ಕಾಣುವ ಬಾರ್ನಿನ ಸೂರು ಇದೇ. 1873ರಲ್ಲಿ ಇಲಿನಾಯ್ ರಾಜ್ಯದ ಫ್ರೆಡ್ ಹ್ಯಾಚ್ ಅವರು ಹಸಿಮೇವನ್ನು ತುಂಬಿ ಹುಳಿಯಾಗಿಸಿ ಇಡುವ ಎತ್ತರದ ಕಣಜವನ್ನು ಕಟ್ಟಿದರು. ಇಂಥ ಕಣಜಗಳಲ್ಲಿ ಅದೇ ಮೊದಲನೆಯದೆನ್ನುತ್ತಾರೆ. ಚಳಿಗಾಲದಲ್ಲಿಯೂ ಹಸುಗಳು ಹಾಲು ಕೊಡಲು ಅದರಿಂದ ಅನುಕೂಲವಾಯಿತು. 1918ರಲ್ಲಿ ಸಿಯರ್ಸ್ ರೋಬಕ್ ಎಂಬ ಅಂಚೆ ವ್ಯಾಪಾರದ ಕಂಪೆನಿ ಬಾರ್ನುಗಳದೇ ಒಂದು ಪಟ್ಟಿಯನ್ನು ಅಚ್ಚು ಹಾಕಿಸಿತು. ಕಾಗದ ಬರೆದು ಹಣ ಕಳಿಸಿದರೆ ಅಳತೆಗೆ ಕೊಯ್ದ ಮರವೆಲ್ಲ ರೈಲಿನಲ್ಲಿ ಬಂದು ಇಳಿಯುತ್ತಿತ್ತು. ಅಂದಿನಿಂದ ಬಾರ್ನಿನ ಬಾಗಿಲು ನೋಡಿ ಒಡೆಯನ ತವರನ್ನು ಹೇಳುವುದು ಕಷ್ಟವಾಗುತ್ತ ಬಂತು.

ಆಮೇಲಿನ ಬದಲಾವಣೆ ಇನ್ನೂ ದೊಡ್ಡದು. ಟ್ರ್ಯಾಕ್ಟರ್ ಬಂದು ಕುದುರೆ ಹೋಯಿತು, ಕುದುರೆಲಾಯ ಖಾಲಿಯಾಯಿತು. ಕೊಯ್ಲನ್ನೂ ಒಕ್ಕಣೆಯನ್ನೂ ಹೊಲದಲ್ಲೇ ಮುಗಿಸುವ ಕಂಬೈನ್ ಯಂತ್ರ ಬಂತು. ಬಾರ್ನಿನ ಕಣಕ್ಕೆ ಕೆಲಸ ತಪ್ಪಿತು. ಹಾಲಿನ ಶುಚಿತ್ವದ ನಿಯಮಗಳು ಬಿಗಿಯಾದಂತೆ ಸಿಮೆಂಟಿನ ನೆಲದ ಬೇರೆ ಕಟ್ಟಡಗಳು ಬೇಕಾದವು. ಕಡೆಗೆ 1970ರ ದಶಕದಲ್ಲಿ ಹುಲ್ಲನ್ನು ದೊಡ್ಡ ದೊಡ್ಡ ಉರುಳೆಗಳಾಗಿ ಸುತ್ತುವ ಯಂತ್ರ ಹರಡಿತು. ಅರ್ಧ ಟನ್ನಿಗೂ ಮೀರಿ ತೂಗುವ ಆ ಉರುಳೆಯನ್ನು ಅಟ್ಟಕ್ಕೆ ಏರಿಸುವಂತಿಲ್ಲ. ಏರಿಸಿದರೆ ಅಟ್ಟ ತಾಳುವುದಿಲ್ಲ. ಅದು ಬಯಲಲ್ಲೇ ಬಿದ್ದಿರುತ್ತದೆ, ಇಲ್ಲವೆ ತಗಡಿನ ಚಪ್ಪರದ ಕೆಳಗಿರುತ್ತದೆ. ಹೊಸ ಯಂತ್ರಗಳೋ, ಹಳೆಯ ಬಾಗಿಲಿನಲ್ಲಿ ನುಗ್ಗಲಾರದಷ್ಟು ಅಗಲ. ರೈತರೂ ಕಡಿಮೆಯಾದರು. 1935ರಲ್ಲಿ ಆ ದೇಶದಲ್ಲಿ ಸುಮಾರು 68 ಲಕ್ಷ ಬೇಸಾಯದ ಹಿಡುವಳಿಗಳಿದ್ದವು. 2022ರ ಗಣತಿಯಲ್ಲಿ ಅವು ಸುಮಾರು 19 ಲಕ್ಷ. ನಾಲ್ಕು ಜಮೀನು ಒಂದಾದಾಗ ನಾಲ್ಕು ಬಾರ್ನುಗಳಲ್ಲಿ ಮೂರಕ್ಕೆ ಒಡೆಯನಿದ್ದರೂ ಇಲ್ಲದಂತೆ.

ಕೆಲಸ ತಪ್ಪಿದ ಕಟ್ಟಡ ಸಾಯುವ ರೀತಿ ಎಲ್ಲ ಕಡೆಯೂ ಒಂದೇ. ಮೊದಲು ಸೂರಿನ ಒಂದು ಹಲಗೆ ಹಾರಿಹೋಗುತ್ತದೆ. ಒಳಗೆ ಹುಲ್ಲಿದ್ದರೆ ರೈತ ಅಂದೇ ಏಣಿ ಹಾಕುತ್ತಿದ್ದ. ಒಳಗೆ ಏನೂ ಇಲ್ಲವಾದ್ದರಿಂದ ನೋಡಿದರಾಯಿತೆಂದು ಬಿಡುತ್ತಾನೆ. ಮಳೆನೀರು ತೊಲೆ ಕಂಬಗಳು ಕೂಡುವ ಗುಳಿಯಲ್ಲಿ ನಿಂತು ನಾಲಗೆ ಕೊಳೆಯುತ್ತದೆ. ಇನ್ನೂರು ವರ್ಷ ಗಾಳಿ ಹಿಮಗಳಿಗೆ ಜಗ್ಗದ ಚೌಕಟ್ಟು ಹತ್ತು ಹದಿನೈದು ವರ್ಷಗಳ ಸೋರಿಕೆಗೆ ಮೊಣಕಾಲೂರುತ್ತದೆ. ಇದಕ್ಕಾಗಿ ರೈತನನ್ನು ದೂರುವುದು ನ್ಯಾಯವಲ್ಲ. ದೊಡ್ಡ ಸೂರನ್ನು ಹೊಸದಾಗಿ ಹೊದಿಸುವುದು ಸಣ್ಣ ಖರ್ಚಲ್ಲ. ಫಲವಿಲ್ಲದ ಕಟ್ಟಡಕ್ಕೂ ತೆರಿಗೆ ತೆರಬೇಕು, ವಿಮೆ ಕಟ್ಟಬೇಕು. ಇನ್ನೊಂದು ಕಡೆ ಹಳೆಯ ಮರಕ್ಕೆ ಪಟ್ಟಣದಲ್ಲಿ ಗಿರಾಕಿಯುಂಟು. ಬಿಸಿಲು ಮಳೆಗೆ ಬೂದಿಬಣ್ಣಕ್ಕೆ ತಿರುಗಿದ ಹಲಗೆಗಳನ್ನು ಕಿತ್ತು ಹೋಟೆಲುಗಳ ಗೋಡೆಗೆ ಅಂಟಿಸಿಕೊಳ್ಳುವುದು ಶೋಕಿಯಾಗಿದೆ. ಬಿದ್ದುಹೋಗುವ ಬಾರ್ನಿಗಿಂತ ಕಿತ್ತು ಮಾರಿದ ಬಾರ್ನಿನಿಂದ ಕೈಗೆ ನಾಲ್ಕು ಕಾಸು ಬರುತ್ತದೆ.

ಇವುಗಳ ಬೆಲೆಯನ್ನು ಅರಿತವರು ಇರಲಿಲ್ಲವೆಂದಲ್ಲ. 1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಕೆಲಸವಿಲ್ಲದ ವಾಸ್ತುಶಿಲ್ಪಿಗಳಿಗೆ ಸರ್ಕಾರ ಕೆಲಸ ಕೊಟ್ಟು ದೇಶದ ಹಳೆಯ ಕಟ್ಟಡಗಳ ಅಳತೆ, ನಕ್ಷೆ, ಚಿತ್ರಗಳನ್ನು ತಯಾರಿಸುವ ಸಮೀಕ್ಷೆಯನ್ನು ಆರಂಭಿಸಿತು. ಅರಮನೆಯಂಥ ಮನೆಗಳ ಜೊತೆಗೆ ಬಾರ್ನುಗಳೂ ಅದರಲ್ಲಿ ಸೇರಿದವು. ಆ ದಾಖಲೆಗಳು ಅಲ್ಲಿಯ ಸಂಸತ್ತಿನ ಪುಸ್ತಕ ಭಂಡಾರದಲ್ಲಿವೆ. ಭೂಗೋಳ ಶಾಸ್ತ್ರಜ್ಞ ಫ್ರೆಡ್ ನಿಫೆನ್ ಅವರು 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸಾಮಾನ್ಯ ಜನರ ಮನೆಗಳನ್ನು ಹಿಂಬಾಲಿಸಿ ಹೋದರೆ ಜನ ಯಾವ ದಾರಿಯಲ್ಲಿ ಎಲ್ಲಿಗೆ ವಲಸೆ ಹೋದರೆಂದು ತಿಳಿಯಬಹುದೆಂದು ತೋರಿಸಿದರು. ಬರೆದಿಟ್ಟ ಚರಿತ್ರೆಯಲ್ಲಿ ಹೆಸರಿಲ್ಲದವರ ಚರಿತ್ರೆಯನ್ನು ಓದಲು ಹೀಗೆ ಒಂದು ಲಿಪಿ ದೊರೆತಂತಾಯಿತು. ಆದರೆ ನಕ್ಷೆ ತೆಗೆದಿಟ್ಟರೆ ಕಟ್ಟಡ ಉಳಿದಂತಾಗುವುದಿಲ್ಲ.

ಉಳಿಸುವ ದಾರಿಯನ್ನು ಹುಡುಕಿದವರು ರೈತರ ನಡುವೆಯೇ ಹುಡುಕಿದರು. 1987ರಲ್ಲಿ ಅಲ್ಲಿಯ ಐತಿಹಾಸಿಕ ಕಟ್ಟಡಗಳ ರಕ್ಷಣೆಯ ರಾಷ್ಟ್ರೀಯ ಟ್ರಸ್ಟೂ ಒಂದು ಬೇಸಾಯ ಪತ್ರಿಕೆಯೂ ಸೇರಿ 'ಬಾರ್ನ್ ಅಗೇನ್' ಎಂಬ ಯೋಜನೆಯನ್ನು ಹೂಡಿದವು. ಹಳೆಯದೆಂದು ಪೂಜಿಸಿರೆಂದು ಅವರು ಹೇಳಲಿಲ್ಲ. ಈ ಕಟ್ಟಡಕ್ಕೆ ಇಂದಿನ ಬೇಸಾಯದಲ್ಲಿ ಏನು ಕೆಲಸ ಕೊಡಬಹುದು, ಹೊಸ ತಗಡಿನ ಶೆಡ್ಡಿಗೆ ತಗಲುವ ಖರ್ಚಿಗಿಂತ ಇದರ ದುರಸ್ತಿ ಅಗ್ಗವಾದೀತೆ ಎಂದು ಲೆಕ್ಕ ಹಾಕಿ ತೋರಿಸಿದರು. ಕಣದ ಕಂಬವೊಂದನ್ನು ತೆಗೆದು ಭಾರವನ್ನು ಬೇರೆ ತೊಲೆಗೆ ಹೊರಿಸಿದರೆ ಯಂತ್ರ ಒಳಗೆ ಬರುತ್ತದೆ. ಕೆಳಗಿನ ಕೊಟ್ಟಿಗೆ ಕರುಗಳಿಗೋ ಕುರಿಗಳಿಗೋ ಒದಗುತ್ತದೆ. ಅಯೋವದಂಥ ರಾಜ್ಯಗಳಲ್ಲಿ ಇದಕ್ಕಾಗಿಯೇ ಸಂಘಗಳು ಹುಟ್ಟಿ ದುರಸ್ತಿಗೆ ಧನಸಹಾಯ ಕೊಡತೊಡಗಿದವು. ಕೆಲವು ಬಾರ್ನುಗಳು ಮದುವೆಯ ಮಂಟಪಗಳಾಗಿವೆ, ಕೆಲವು ವಾಸದ ಮನೆಗಳಾಗಿವೆ. ಇದ್ದಲ್ಲಿ ಉಳಿಸಲಾಗದ ಕೆಲವನ್ನು ಬಿಚ್ಚಿ ಬೇರೆಡೆ ನಿಲ್ಲಿಸಿದ್ದಾರೆ. ಹಾಗೆ ಬಿಚ್ಚುವಾಗ ಹಳೆಯ ಬಡಗಿ ಕೆತ್ತಿದ ರೋಮನ್ ಅಂಕಿಗಳು ಮತ್ತೆ ಕೆಲಸಕ್ಕೆ ಬರುತ್ತವೆ.

2007ರ ಬೇಸಾಯ ಗಣತಿಯಲ್ಲಿ, 1960ಕ್ಕೆ ಮೊದಲು ಕಟ್ಟಿದ ಬಾರ್ನ್ ನಿಮ್ಮಲ್ಲಿದೆಯೇ ಎಂಬ ಪ್ರಶ್ನೆಯನ್ನು ರೈತರಿಗೆ ಕೇಳಿದರು. ಆಗ ಇದ್ದ ಸುಮಾರು 22 ಲಕ್ಷ ಹಿಡುವಳಿಗಳ ಪೈಕಿ 6 ಲಕ್ಷ 64 ಸಾವಿರ ಹಿಡುವಳಿಗಳವರು ಇದೆಯೆಂದರು. ಸಂಖ್ಯೆ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಅವುಗಳಲ್ಲಿ ಎಷ್ಟರೊಳಗೆ ಉಸಿರಾಡುವ ದನವಿದೆ, ಎಷ್ಟರೊಳಗೆ ಒಣಹುಲ್ಲಿನ ವಾಸನೆಯಿದೆ ಎಂಬುದರ ಮೇಲೆ ಅವುಗಳ ಆಯುಸ್ಸು ನಿಂತಿದೆ. ಹಳೆಯ ಬಾರ್ನುಗಳನ್ನು ದುರಸ್ತಿ ಮಾಡುವವರ ಮೊದಲ ಸಲಹೆ ಬಹಳ ಸರಳವಾದುದು: ಗೋಡೆಯ ಬಣ್ಣ ಆಮೇಲೆ, ಬಾಗಿಲಿನ ಅಂದ ಆಮೇಲೆ, ಮೊದಲು ಸೂರು ಸೋರದಂತೆ ನೋಡಿಕೊಳ್ಳಿ. ಸೂರು ಗಟ್ಟಿಯಾಗಿದ್ದರೆ ಆ ಕಟ್ಟಡಕ್ಕೆ ಏನು ಕೆಲಸ ಕೊಡಬೇಕೆಂಬುದನ್ನು ಮಗನೋ ಮೊಮ್ಮಗನೋ ನಿಧಾನವಾಗಿ ಯೋಚಿಸಿಯಾನು. ಸೂರು ಹೋದ ಮೇಲೆ ಯೋಚಿಸಲು ಏನೂ ಉಳಿದಿರುವುದಿಲ್ಲ.